ರೆಕ್ಕೆ ಇದ್ದರೆ ಬೇಡ

ನಮ್ಮ ಹಟ್ಟಿಗೆ ತಿರುಗುವ ದಾರಿಯ ಬಾಯಲ್ಲಿ, ಬಸ್ಸು ನಿಲ್ಲುವ ಜಾಗದ ಎದುರಿಗೇ, ಎರಡು ತಿಂಗಳು ನನ್ನ ಮುಖ ನೇತಾಡುತ್ತಿತ್ತು. ಫ್ಲೆಕ್ಸ್ ಬ್ಯಾನರಿನಲ್ಲಿ. ಮದುವೆಗೆ, ಸಾವಿಗೆ, ಹತ್ತನೇ ಕ್ಲಾಸು ಪಾಸಾದದ್ದಕ್ಕೆ, ಎಲ್ಲಕ್ಕೂ ಫ್ಲೆಕ್ಸ್ ಕಟ್ಟುವ ಸೀಮೆ ನಮ್ಮದು. ನೊಣಕ್ಕೆ ಕಟ್ಟಿದ್ದು ಮಾತ್ರ ಅದೇ ಮೊದಲಿರಬೇಕು. ಎಡಗಡೆ ನಾನು. ಯಾರದೋ ಮದುವೆ ಫೋಟೋದಿಂದ ಕತ್ತರಿಸಿ ತೆಗೆದದ್ದು, ಪಕ್ಕದವಳ ಕೈಬೆರಳುಗಳು ನನ್ನ ಭುಜದ ಮೇಲೆ ಹಾಗೇ ಉಳಿದುಬಿಟ್ಟಿದ್ದವು. ಬಲಗಡೆ ತೆಂಗಿನಕಾಯಿ ಗಾತ್ರದ ಒಂದು ಮನೆನೊಣ. ನನ್ನದು ರೆಕ್ಕೆಯಿಲ್ಲದ ನೊಣ ಎಂದು ಯಾರೋ ಊಟಿಯ ಫ್ಲೆಕ್ಸ್ ಅಂಗಡಿಯವನಿಗೆ ಹೇಳಿದ್ದರಂತೆ. ಅವನು ಕಂಪ್ಯೂಟರಿನಲ್ಲೇ ರೆಕ್ಕೆ ಒರೆಸಿ ಹಾಕಿದ್ದ, ಅದೂ ಒಂದು ಕಡೆ ಅರ್ಧಂಬರ್ಧ. ಕೆಳಗೆ ತಮಿಳಿನಲ್ಲಿ ದಪ್ಪ ಅಕ್ಷರ: ನಮ್ಮ ಹಟ್ಟಿಯ ಹೆಸರನ್ನು ಲೋಕಕ್ಕೆ ಸಾರಿದ ಮಗಳಿಗೆ ಅಭಿನಂದನೆ.

ದಿನಾ ಬೆಳಿಗ್ಗೆ ಅದರ ಕೆಳಗೇ ನಿಂತು ನಾನು ಬಸ್ಸು ಕಾಯಬೇಕಿತ್ತು. ಹೋಗುವವರು ಬರುವವರೆಲ್ಲ ಒಮ್ಮೆ ಮೇಲೆ ನೋಡಿ, ಒಮ್ಮೆ ನನ್ನನ್ನು ನೋಡಿ ನಗುತ್ತಿದ್ದರು. ಪ್ರೀತಿಯ ನಗುವೇ. ಆ ನೊಣ ಹೊಸ ಜಾತಿಯಲ್ಲ ಎಂದು ಕೊನೆಕೊನೆಗೆ ಗೊತ್ತಿದ್ದದ್ದು ಇಬ್ಬರಿಗೆ ಮಾತ್ರ. ಒಬ್ಬಳು ನಾನು. ಇನ್ನೊಬ್ಬರು ನನ್ನ ಪಿಎಚ್‌ಡಿ ಗೈಡು, ಬಾಯಿ ಮುಚ್ಚಿಕೊಂಡಿರು ಎಂದು ಹೇಳಿದವರು.

ನಮ್ಮ ಹಟ್ಟಿ ಊಟಿಯಿಂದ ಎಮರಾಲ್ಡ್ ಕಡೆಗೆ ಹೋಗುವ ದಾರಿಯಲ್ಲಿದೆ. ನಾನು ಊಟಿಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುವ ಗೆಸ್ಟ್ ಲೆಕ್ಚರರ್. ಗೆಸ್ಟ್ ಅಂದರೆ ಗೊತ್ತಲ್ಲ, ಯಾವತ್ತು ಬೇಕಾದರೂ ಎದ್ದು ಹೋಗು ಎನ್ನಬಹುದಾದವಳು. ಪಿಎಚ್‌ಡಿ ಮುಗಿದರೆ ಕೂರಲು ಒಂದು ಸ್ವಂತ ಕುರ್ಚಿ ಸಿಗಬಹುದು ಎಂಬ ಆಸೆಯಿಂದ ಎಲೆಕಸದ ಹುಳುಗಳ ಮೇಲೆ ಕೆಲಸ ಹಿಡಿದೆ. ಮರದ ಕೆಳಗೆ ಬಿದ್ದು ಕೊಳೆಯುವ ಎಲೆಗಳ ಪದರದಲ್ಲಿ ಬದುಕುವ, ಎಳ್ಳಿಗಿಂತ ಸಣ್ಣ ಜೀವಗಳು. ಕಾಡಿನೊಳಗೆ ಹೋಗಲು ಅನುಮತಿಗೆ ಬರೆದೆ. ಆ ಫೈಲು ಕೂತ ಕಡೆಯೇ ಬೇರುಬಿಟ್ಟಿತು. ಕಾದು ಕಾದು ಸಾಕಾಗಿ, ನಮ್ಮ ಹಟ್ಟಿಯದ್ದೇ ಆದ ಶೋಲೆಯಿಂದ ಎಲೆಕಸ ಹೊತ್ತು ತಂದೆ. ಊರಿಗೆ ನೀರು ಕೊಡುವ ಊಟೆಯ ಸುತ್ತ ಯಾರೂ ಕಡಿಯದೆ ಉಳಿಸಿಕೊಂಡ ಒಂದು ತುಂಡು ಕಾಡು ಅದು. ಮೂರು ಕಡೆಯೂ ಟೀ ತೋಟ.

ಹೊತ್ತು ತಂದದ್ದನ್ನು ಜರಡಿ ಹಿಡಿದವನು ಅಪ್ಪ. ಟೀ ಫ್ಯಾಕ್ಟರಿಯಲ್ಲಿ ಜರಡಿ ವಿಭಾಗದಲ್ಲೇ ಕೆಲಸ ಮಾಡಿ ರಿಟೈರ್ ಆದವನು ಅವನು. ಟೀ ಪುಡಿಯನ್ನು ಬೆರಳಿನಲ್ಲಿ ತಿಕ್ಕಿ ಯಾವ ಕಣ್ಣಿನ ಜರಡಿಯಿಂದ ಇಳಿದದ್ದು ಎಂದು ಹೇಳುತ್ತಿದ್ದ. ಮನೆಯಲ್ಲಿ ಕೂತ ಮೇಲೆ ಆ ಕಣ್ಣಿಗೂ ಬೆರಳಿಗೂ ಕೆಲಸವಿಲ್ಲದೆ ಅಮ್ಮನ ಅಡುಗೆಯಲ್ಲಿ ತಪ್ಪು ಹುಡುಕುತ್ತಿದ್ದ. ನನ್ನ ಚೀಲಗಳನ್ನು ಕಂಡದ್ದೇ ತಡ, ಫ್ಯಾಕ್ಟರಿಯ ಹಳೇ ಜರಡಿ ಬಲೆಗಳನ್ನು ಎಲ್ಲಿಂದಲೋ ತಂದು ಚೌಕಟ್ಟು ಕಟ್ಟಿದ. ಎರಡು ಸಲ ಜರಡಿ ಹಿಡಿದು, ಇಳಿದದ್ದನ್ನು ಬಿಳಿ ಪಿಂಗಾಣಿ ತಟ್ಟೆಯಲ್ಲಿ ಹರಡಿ, ಒದ್ದೆ ಮಾಡಿದ ಸಣ್ಣ ಬ್ರಷ್ಷಿನ ತುದಿಯಿಂದ ಓಡಾಡುವ ಹುಳುಗಳನ್ನು ಒಂದೊಂದಾಗಿ ಎತ್ತುವುದು. ಬಿಸಿಲು ಬಂದಾಗ ಅಂಗಳ, ಮಳೆ ಬಂದಾಗ ಜಗಲಿ. ಆ ತಟ್ಟೆ ಹೊಸಿಲು ದಾಟಬಾರದು ಎಂದು ಅಮ್ಮನ ಕಟ್ಟಪ್ಪಣೆ ಇತ್ತು.

ಆದರೆ ನಾವು ಲಿಂಗ ಕಟ್ಟಿಕೊಂಡವರು. ಮೊಟ್ಟೆ ಕೂಡ ಒಳಗೆ ಬಾರದ ಮನೆ. ಪೂಜೆ ಮುಗಿಸಿ ಎದ್ದವನು ಸೀದಾ ಹೋಗಿ ಜೀವ ತೆಗೆಯುವುದಕ್ಕೆ ಕೂರುವುದು ಹೇಗೆ? ಅಪ್ಪ ಎರಡು ದಿನ ಯೋಚಿಸಿ ಕರಾರು ಹಾಕಿದ. ಬೇಕಾದ್ದನ್ನು ಮಾತ್ರ ಹಿಡಿಯುವುದು, ಬೇಡವಾದ್ದನ್ನು ಅಲ್ಲೇ ಬಿಟ್ಟುಬಿಡುವುದು. ಹಿಡಿದದ್ದನ್ನೂ ಅವನು ಒಣ ಸೀಸೆಯಲ್ಲಿ ಹಾಕಿ ಇಡುತ್ತಾನೆ. ಸ್ಪಿರಿಟ್ ಸುರಿಯುವ ಕೆಲಸ ಸಂಜೆ ನಾನು ಬಂದ ಮೇಲೆ ನನ್ನದು. ಯಾವುದು ಬೇಕು, ಯಾವುದು ಬೇಡ ಹೇಳು ಎಂದು ಕೇಳಿದ. ಬಸ್ಸಿಗೆ ಹೊತ್ತಾಗಿತ್ತು. ಹಾರುವ ನೊಣಗಳಿಗೆ ನಾನು ಟೀ ಗಿಡಗಳ ನಡುವೆ ಸೋಪು ನೀರು ತುಂಬಿದ ಹಳದಿ ತಟ್ಟೆಗಳನ್ನು ಬೇರೆಯೇ ಇಟ್ಟಿದ್ದೆ, ಅದರಲ್ಲಿ ಅವು ಬೇಕಾದಷ್ಟು ಬಿದ್ದಿದ್ದವು. ಚಪ್ಪಲಿ ಹಾಕಿಕೊಳ್ಳುತ್ತಲೇ ಹೇಳಿದೆ.

"ರೆಕ್ಕೆ ಇದ್ದರೆ ಬೇಡ ಅಪ್ಪ. ಬಿಟ್ಟುಬಿಡು."

ನಮ್ಮ ಮನೆಯ ಮಾತು ಬಡಗ, ಕನ್ನಡಕ್ಕೆ ಹತ್ತಿರದ್ದು. ಓದುವವರಿಗೆ ತಿಳಿಯಲಿ ಎಂದು ಇಲ್ಲಿ ತುಸು ತಿದ್ದಿ ಬರೆಯುತ್ತಿದ್ದೇನೆ. ಆ ಒಂದು ಮಾತನ್ನು ಮಾತ್ರ ತಿದ್ದಿಲ್ಲ, ತಿದ್ದಲು ಬರುವಂಥದ್ದೂ ಅಲ್ಲ.

ಆ ನೊಣ ಸಿಕ್ಕಿದ್ದು ಅಪ್ಪನಿಗೇ. ಕಂದು ಬಣ್ಣ, ಬೆನ್ನು ಗೂನು, ರೆಕ್ಕೆಯ ಜಾಗದಲ್ಲಿ ಏನೂ ಇಲ್ಲ. ಸ್ವಲ್ಪ ಓಡಿ ಗಕ್ಕನೆ ನಿಲ್ಲುತ್ತದೆ, ಮತ್ತೆ ಓಡುತ್ತದೆ. ಇರುವೆಯೋ ಎಂದುಕೊಂಡು ಬಿಡುವವನಿದ್ದ. ಇರುವೆಗೆ ಇಂಥ ಬುದ್ಧಿಯಿಲ್ಲ ಎನ್ನಿಸಿ ಎತ್ತಿಟ್ಟನಂತೆ. ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ಎರಡೆರಡು ಸಲ ನೋಡಿದೆ. ನೊಣ ಹೌದು. ಉದುರಿ ಹೋದ ರೆಕ್ಕೆಯಾದರೆ ಮೋಟು ಉಳಿಯಬೇಕು, ಕಲೆಯಾದರೂ ಇರಬೇಕು. ಇದಕ್ಕೆ ಹುಟ್ಟಿನಿಂದಲೇ ರೆಕ್ಕೆಯಿಲ್ಲ. ನನ್ನ ಕೈಲಿದ್ದ ಯಾವ ಪಟ್ಟಿಯಲ್ಲೂ ಅದು ಇರಲಿಲ್ಲ.

ಮುಂದೆ ಮೂರು ವರ್ಷ ಅದೇ ಕೆಲಸ. ಅಪ್ಪ ಒಂದೊಂದಾಗಿ ಹಿಡಿದು ಕೊಟ್ಟದ್ದು ಆರು. ಆರೂ ಹೆಣ್ಣು. ನಾನು ಕಾಲಿನ ಒಂದೊಂದು ಮುಳ್ಳುಗೂದಲನ್ನೂ ಬರೆದೆ, ಹೊಟ್ಟೆಯ ಒಂದೊಂದು ಫಲಕವನ್ನೂ ಅಳೆದೆ. ಗಂಡು ಸಿಗಲಿಲ್ಲವಲ್ಲ ಎಂದು ಆಗಾಗ ಕಸಿವಿಸಿ ಆಗುತ್ತಿತ್ತು. ಹೆಣ್ಣೊಂದನ್ನೇ ಇಟ್ಟುಕೊಂಡು ಇಂಥ ನೊಣಗಳನ್ನು ಎಷ್ಟೋ ಜನ ವಿವರಿಸಿದ್ದಾರೆ, ಬರೆದು ಕಳಿಸು ಎಂದರು ಗೈಡು. ಅವರು ಬಯಲುಸೀಮೆಯವರು, ಸೇವೆಯ ಕೊನೆಯ ವರ್ಷ, ನಾನೇ ಅವರ ಕೊನೆಯ ವಿದ್ಯಾರ್ಥಿನಿ. ನೊಣಕ್ಕೆ ನಮ್ಮ ಹಟ್ಟಿಯ ಹೆಸರನ್ನೇ ಲ್ಯಾಟಿನ್ ಬಾಲ ಹಚ್ಚಿ ಇಟ್ಟೆವು.

ಅಪ್ಪನಿಗೆ ಹೆಸರಿಗಿಂತ ಚೀಟಿಯ ಮೇಲೆ ಕಣ್ಣು. ಹೊಸ ಜಾತಿ ಅಂದರೆ ಇದೇ ಎಂದು ತೋರಿಸುವುದಕ್ಕೆ ಒಂದೇ ಒಂದು ಹುಳುವನ್ನು ಮ್ಯೂಸಿಯಮ್ಮಿನಲ್ಲಿ ಇಡುತ್ತಾರೆ, ಅದರ ಕೆಳಗೆ ಉಗುರಗಲದ ಚೀಟಿ, ಆ ಚೀಟಿಯಲ್ಲಿ ಊರು, ದಿನ, ಹಿಡಿದವರ ಹೆಸರು, ಪುಸ್ತಕದಲ್ಲೂ ಅದೇ ಅಚ್ಚಾಗುತ್ತದೆ ಎಂದು ಒಮ್ಮೆ ಹೇಳಿದ್ದೆ. ಅವನು ಬ್ರಷ್ ಕೆಳಗಿಟ್ಟ. ಹಿಡಿದವರು ಅಂದರೆ ಓದಿದವರಾ ಎಂದು ಕೇಳಿದ. ಅಲ್ಲ, ತಟ್ಟೆಯಿಂದ ಎತ್ತಿದವರು ಎಂದೆ. ಎಷ್ಟು ದಿನ ಇರುತ್ತದೆ ಎಂದ. ನಾವೆಲ್ಲ ಹೋದ ಮೇಲೂ ಎಂದೆ. ಇನಿಷಿಯಲ್ ಹಾಕಿ ಬರೆಯುತ್ತಾರಾ, ಬರೀ ಹೆಸರಾ, ಇಂಗ್ಲಿಷಿನಲ್ಲಿ ತನ್ನ ಹೆಸರಿಗೆ ಎಷ್ಟು ಅಕ್ಷರ ಬೇಕು, ಉಗುರಗಲದಲ್ಲಿ ಅದು ಹಿಡಿಯುತ್ತದಾ ಎಂದು ವಾರವಿಡೀ ತಲೆ ತಿಂದ. ರೇಷನ್ ಕಾರ್ಡು, ಫ್ಯಾಕ್ಟರಿಯ ಹಾಜರಿ ಪುಸ್ತಕ ಬಿಟ್ಟರೆ ಬೇರೆಲ್ಲೂ ಹೆಸರು ಬಂದಿರದ ಮನುಷ್ಯ. ಅವನಿಗೆ ಅದನ್ನು ಕೊಡಿಸಲೇಬೇಕು ಎಂದು ನಾನು ಹಟ ತೊಟ್ಟೆ. ಕುರ್ಚಿಯ ಆಸೆ ಆಗ ಹಿಂದೆ ಸರಿದಿತ್ತು, ಸುಳ್ಳಲ್ಲ.

ಲೇಖನ ಒಪ್ಪಿದ್ದೇವೆ ಎಂದು ಪತ್ರಿಕೆಯವರಿಂದ ಉತ್ತರ ಬಂತು. ನಾನು ಅಪ್ಪನಿಗೆ ಹೇಳಿದೆ, ಅಪ್ಪ ಮಂದೆಯಲ್ಲಿ ಹೇಳಿದ. ಮಂದೆ ಅಂದರೆ ಹಟ್ಟಿಯ ಮುಂದಿನ ಹುಲ್ಲು ಬಯಲು, ಊರಿನವರು ಕೂತು ಮಾತಾಡುವ ಜಾಗ. ಅಲ್ಲಿ ಹೇಳಿದ್ದು ಹೊತ್ತು ಮುಳುಗುವುದರೊಳಗೆ ಎಲ್ಲ ಮನೆಗೂ ತಲುಪುತ್ತದೆ. ವಾರದಲ್ಲಿ ಫ್ಲೆಕ್ಸ್ ಎದ್ದಿತು.

ಆಮೇಲೆ ಮಳೆ ಹಿಡಿಯಿತು. ಊಟಿ ರಸ್ತೆಗೆ ಎರಡು ಕಡೆ ಗುಡ್ಡ ಜಾರಿ ಬಸ್ಸು ನಿಂತಿತು, ಮನೆಯಲ್ಲಿ ಸಿಕ್ಕಿಹಾಕಿಕೊಂಡೆ. ಬೆಳಗಿನ ಹೊತ್ತು ಅಪ್ಪ ತಟ್ಟೆಯ ಮುಂದೆ ಕೂತಾಗ ನಾನು ಯಾವತ್ತೂ ಮನೆಯಲ್ಲಿ ಇದ್ದವಳಲ್ಲ, ರಜೆಯ ದಿನ ಎಲೆಕಸ ತರಲು ಶೋಲೆಗೆ ಹೋಗಿರುತ್ತಿದ್ದೆ. ಕೆಲಸ ಮುಗಿದಿದೆ, ಇನ್ನು ಆರಿಸುವುದು ಬೇಡ ಎಂದು ಹೇಳಿದ್ದರೂ ಅವನು ಬಿಟ್ಟಿರಲಿಲ್ಲ. ಟೀ ಲೋಟ ಹಿಡಿದುಕೊಂಡು ಪಕ್ಕದಲ್ಲಿ ಹೋಗಿ ಕೂತೆ.

ಬ್ರಷ್ಷಿನ ತುದಿಯಿಂದ ಅವನು ಏನನ್ನೋ ಬಿಡಿಸುತ್ತಿದ್ದ. ಬಹಳ ನಯವಾಗಿ, ಉಸಿರು ಬಿಗಿಹಿಡಿದು. ಏನದು ಎಂದೆ. ಅಂಟಿಕೊಂಡಿವೆ ಎಂದ. ಆಗಾಗ ಹೀಗೆ ಬರುತ್ತವಂತೆ: ನಮ್ಮದಕ್ಕೆ ಒಂದು ರೆಕ್ಕೆಯಿರುವ ನೊಣ ಹಿಂದಿನಿಂದ ಕಚ್ಚಿಕೊಂಡಿರುತ್ತದೆ. ಬಿಡಿಸಿ, ನಮ್ಮದನ್ನು ಸೀಸೆಗೆ ಹಾಕಿ, ರೆಕ್ಕೆಯಿರುವುದನ್ನು ಹಾರಲು ಬಿಡುತ್ತಾನಂತೆ. ಮೊದಲಿಂದಲೂ ಹಾಗೇ ಮಾಡುತ್ತಿದ್ದಾನಂತೆ.

ಅವನ ಕೈಯಿಂದ ಲೆನ್ಸು ಕಸಿದುಕೊಂಡು ಬಗ್ಗಿದೆ. ಅವು ಅಂಟಿಕೊಂಡಿರಲಿಲ್ಲ, ಕೂಡಿಕೊಂಡಿದ್ದವು. ರೆಕ್ಕೆಯಿದ್ದದ್ದು ಗಂಡು. ಹೊಟ್ಟೆಯ ಮೇಲೆ ಕರಿ ಮಚ್ಚೆ, ಹಿಂಗಾಲಿನಲ್ಲಿ ಒಂದು ಸೊಟ್ಟ. ನನಗೆ ಚೆನ್ನಾಗಿ ಗೊತ್ತಿದ್ದ ನೊಣ; ಹಳದಿ ತಟ್ಟೆಗಳಲ್ಲಿ ರಾಶಿ ರಾಶಿ ಬೀಳುತ್ತಿದ್ದದ್ದು. ಬಹಳ ಹಿಂದೆಯೇ ಯಾರೋ ಗಂಡನ್ನು ಮಾತ್ರ ಕಂಡು ಹೆಸರಿಟ್ಟು ಹೋಗಿದ್ದರು, ಅದರ ಹೆಣ್ಣು ಯಾರಿಗೂ ಗೊತ್ತಿರಲಿಲ್ಲ. ನನ್ನ ಪ್ರಬಂಧದ ಎರಡನೇ ಅಧ್ಯಾಯದಲ್ಲೇ ಅದು ಆ ಹಳೇ ಹೆಸರಿನಲ್ಲಿ ಕೂತಿತ್ತು. ನಾಲ್ಕನೇ ಅಧ್ಯಾಯದಲ್ಲಿ ಅದರ ಹೆಂಡತಿ, ಹೊಸ ಜಾತಿ ಎಂಬ ಹೆಸರಿನಲ್ಲಿ.

"ಬುಡಲಾ?" ಎಂದು ಅಪ್ಪ ಕೇಳಿದ.

ಒಂದು ಉಸಿರೆಳೆದುಕೊಳ್ಳುವಷ್ಟು ಹೊತ್ತು ಸಿಕ್ಕಿತ್ತು ನನಗೆ. ಫ್ಲೆಕ್ಸ್, ಗೈಡು, ಕುರ್ಚಿ, ಚೀಟಿ, ಅಪ್ಪನ ಇನಿಷಿಯಲ್ ಎಲ್ಲ ಅಷ್ಟರಲ್ಲೇ ಬಂದು ಹೋದವು. ಬಿಡು ಎಂದೆ. ಅವನು ಬ್ರಷ್ ಎತ್ತಿದ. ಗಂಡು ಟೀ ಗಿಡಗಳ ಕಡೆ ಹಾರಿಹೋಯಿತು.

ದಾರಿ ತೆರೆದ ಮೇಲೆ ಗೈಡಿಗೆ ಫೋನು ಮಾಡಿ ಎಲ್ಲ ಹೇಳಿದೆ. ಆ ಜೋಡಿ ಸೀಸೆಯಲ್ಲಿದೆಯಾ ಎಂದು ಕೇಳಿದರು. ಇಲ್ಲ ಎಂದೆ. ಹಾಗಾದರೆ ನೀನು ನೋಡಿಲ್ಲ ಎಂದರು. ಮೂರು ವರ್ಷದಲ್ಲಿ ಒಮ್ಮೆ, ಅದೂ ಕೈಲೆನ್ಸಿನಲ್ಲಿ ಕಂಡದ್ದನ್ನು ಹಿಡಿದುಕೊಂಡು ಒಪ್ಪಿದ ಲೇಖನ ಹಿಂದೆ ತೆಗೆಯುತ್ತಾರೆಯೇ, ಇದನ್ನು ಯಾರ ಹತ್ತಿರವೂ ಆಡಬೇಡ ಎಂದರು. ಅವರನ್ನು ಬೈಯಲು ನನಗೆ ಯಾವ ಯೋಗ್ಯತೆ? ಬಿಡು ಎಂದವಳು ನಾನೇ.

ಅಲ್ಲಿಂದಾಚೆ ಅಬ್ಬಬ್ಬಾ, ಆ ದಿನಗಳು ಬೇಡ. ಅಚ್ಚಿಗೆ ಮುಂಚಿನ ಪುಟಗಳು ಬಂದವು, ಬೇಗ ತಿದ್ದಿ ಕಳಿಸಿ ಎಂಬ ತಾಕೀತು. ತೆರೆದು ನೋಡುತ್ತಿದ್ದೆ, ಮುಚ್ಚುತ್ತಿದ್ದೆ. ಅಪ್ಪ ತಟ್ಟೆ ತರುವುದರೊಳಗೆ ಮನೆ ಬಿಡುತ್ತಿದ್ದೆ. ಮನೆ ಬಿಟ್ಟರೆ ಫ್ಲೆಕ್ಸ್ ಕೆಳಗೆ ನಿಲ್ಲಬೇಕು. ಕ್ಲಾಸಿನಲ್ಲಿ ಮಕ್ಕಳು ನೊಣದ ವಿಷಯವನ್ನೇ ಕೇಳುತ್ತಿದ್ದರು. ಎಲ್ಲಿ ಹೋದರೂ ಅದೇ. ಇಷ್ಟು ಸಾಲದು ಎಂಬಂತೆ ಊರಗೌಡರು ಮನೆಗೆ ಬಂದು, ಮುಂದಿನ ಸೋಮವಾರ ಮಂದೆಯಲ್ಲಿ ಸನ್ಮಾನ ಎಂದು ಹೇಳಿ ಹೋದರು. ಸೋಮವಾರ ನಮ್ಮಲ್ಲಿ ಯಾರೂ ಮಣ್ಣು ಮುಟ್ಟುವುದಿಲ್ಲ, ಎಲ್ಲರೂ ಊರಲ್ಲೇ ಸಿಗುತ್ತಾರೆ.

ಹಿಂದಿನ ದಿನ, ಭಾನುವಾರ ಬೆಳಿಗ್ಗೆ, ಅಪ್ಪ ಜಗಲಿಯಿಂದ ಕೂಗಿದ. ಹೋದೆ. ತಟ್ಟೆಯಲ್ಲಿ ಮತ್ತೊಂದು ಜೋಡಿ. ಈ ಸಲ ಅವನು ಬಿಡಿಸಿರಲಿಲ್ಲ. ಮೇಲೆ ಒಂದು ಗಾಜಿನ ಲೋಟ ಕವುಚಿ ಹಾಕಿ ಕೂತಿದ್ದ.

"ಅಂದು ನಿನ್ನ ಮುಖ ಕಂಡೆ ಕೂಸೇ," ಎಂದ. "ಇದರಲ್ಲಿ ಏನೋ ಇದ್ದದೆ. ಹೇಳು."

ಹೇಳಿದೆ. ಕಾಲೇಜು ಹುಡುಗರಿಗೆ ಹೇಳುವಂತೆ ಸುತ್ತಿ ಬಳಸಿ ಹೇಳುತ್ತಿದ್ದೆ, ಅವನು ನಡುವೆಯೇ ಕೈ ಎತ್ತಿ ತಡೆದ. ಇದು ಗಂಡು, ಇದು ಹೆಣ್ಣು, ಗಂಡಿಗೆ ಆಗಲೇ ಹೆಸರಿದೆ, ಹಾಗಾದರೆ ಹೆಣ್ಣಿಗೂ ಅದೇ ಹೆಸರು, ಇಷ್ಟೇ ತಾನೇ ಎಂದು ಕೇಳಿದ. ಇಷ್ಟೇ ಎಂದೆ. ಚೀಟಿ ಹೋಯಿತಲ್ಲ ಎಂದು ಅಳು ಬರುವುದೇನೋ ಎಂದು ಅವನ ಮುಖವನ್ನೇ ನೋಡುತ್ತಿದ್ದೆ. ಅವನಿಗೆ ಚೀಟಿಯ ನೆನಪೇ ಬಂದಂತಿರಲಿಲ್ಲ. ಬ್ರಷ್ ಹಿಡಿದ ತನ್ನ ಕೈಯನ್ನು ನೋಡಿಕೊಳ್ಳುತ್ತಿದ್ದ.

"ಒಂದಾದರೂ ಬದುಕಲಿ ಎಂದು ಬಿಡಿಸಿದೆ ನಾ," ಎಂದ. "ಜೋಡಿ ಎಂದು ಎನಗೆ ಗೊತ್ತೇ ಇಲ್ಲೆ."

ಆಮೇಲೆ ಜೋಡಿಯನ್ನು ಹಾಗೇ ಸೀಸೆಗೆ ಇಳಿಸಿ, ಸ್ಪಿರಿಟ್ ಬಾಟಲಿ ಕೊಡು ಎಂದ. ನಾನೇ ಸುರಿಯುತ್ತೇನೆ ಎಂದರೂ ಕೇಳಲಿಲ್ಲ. ತಾನೇ ಸುರಿದು, ಮುಚ್ಚಳ ತಿರುಗಿಸಿ, ನನ್ನ ಕೈಗೆ ಕೊಟ್ಟು, ಹಿತ್ತಲಿಗೆ ಹೋಗಿ ಬಹಳ ಹೊತ್ತು ಕೈ ತೊಳೆದ. ಮಧ್ಯಾಹ್ನ ಉಣ್ಣಲಿಲ್ಲ. ಜ್ವರವಾ ಎಂದು ಅಮ್ಮ ಹಣೆ ಮುಟ್ಟಿ ನೋಡಿದಳು. ನಾಳೆ ಮಂದೆಯಲ್ಲಿ ನಿಜ ಹೇಳುತ್ತೇನೆ ಎಂದು ನಾನು ಅವನಿಗೆ ಮಾತು ಕೊಟ್ಟೆ. ಹೂಂ ಎಂದ.

ಸೋಮವಾರ ಮಂದೆ ತುಂಬಿತ್ತು. ಗಂಡಸರು ಬಿಳಿ ಹೊದ್ದು ಸಾಲಾಗಿ ಕೂತಿದ್ದರು, ಹೆಂಗಸರು ಇಳಿಜಾರಿನ ಮೇಲೆ. ಗೌಡರು ನನ್ನ ಬಗ್ಗೆ, ನನ್ನ ಓದಿನ ಬಗ್ಗೆ, ಹಟ್ಟಿಯ ಮಣ್ಣಿನ ಬಗ್ಗೆ ಮಾತಾಡಿ, ಮೈಕನ್ನು ನನ್ನ ಕೈಗೆ ಕೊಟ್ಟರು. ಎಲ್ಲರಿಗೂ ನಮಸ್ಕಾರ ಎಂದೆ. ಊರಿನ ಋಣ ದೊಡ್ಡದು ಎಂದೆ. ಶೋಲೆ ಉಳಿಸಿದ ಹಿರಿಯರನ್ನು ನೆನೆದೆ. ಹೇಳಬೇಕಾದ ಮಾತೊಂದನ್ನು ಬಿಟ್ಟು ಉಳಿದದ್ದೆಲ್ಲ ಹೇಳಿದೆ. ಇನ್ನೊಂದು ಸುತ್ತು ನಮಸ್ಕಾರ ಹೇಳುವುದರಲ್ಲಿದ್ದೆ. ಅಷ್ಟರಲ್ಲಿ ಅಪ್ಪ ಎದ್ದು ನಿಂತ. ಮೈಕು ಕೇಳಲಿಲ್ಲ. ಮಾತನ್ನು ಹೊತ್ತೊಯ್ಯುವ ಗಾಳಿಯಲ್ಲೂ ಅವನ ದನಿ ಎಲ್ಲರಿಗೂ ಮುಟ್ಟಿತು.

"ನೊಣ ಹೊಸದಲ್ಲ. ತಪ್ಪು ಎನ್ನದು. ಗಂಡು ಹೆಣ್ಣು ಕೂಡಿ ಇದ್ದದ್ದ ನಾ ಬಿಡಿಸಿ ಬಿಡಿಸಿ ಕೊಟ್ಟೆ. ಕೂಸಿಗೆ ಏನೂ ಗೊತ್ತಿಲ್ಲೆ."

ಇಳಿಜಾರಿನ ಮೇಲಿಂದ ಒಬ್ಬ ಅಜ್ಜಿ, ಈ ವಯಸ್ಸಿನಲ್ಲಿ ಇಂಥ ಕೆಲಸವಾ ಎಂದು ಕೇಳಿದಳು. ಮಂದೆಗೆ ಮಂದೆಯೇ ನಕ್ಕಿತು. ಗೌಡರೂ ನಕ್ಕರು. ತಂದ ಶಾಲನ್ನು ಮಡಚಿ ಒಯ್ಯಬಾರದು ಎಂದು ಹೇಳಿ ನನಗೇ ಹೊದಿಸಿದರು. ನಾನು ತಲೆ ಬಗ್ಗಿಸಿ ಹೊದಿಸಿಕೊಂಡೆ. ಮೈಕು ಇನ್ನೂ ನನ್ನ ಕೈಯಲ್ಲೇ ಇತ್ತು. ಬಿಡು ಎಂದು ಹೇಳಿದ್ದು ನಾನೇ ಎಂದು ಅನ್ನಬಹುದಿತ್ತು. ಆಮೇಲೆ ಗೊತ್ತಾದ ಮೇಲೂ ಮುಚ್ಚಿಟ್ಟವಳು ನಾನೇ ಎಂದೂ ಅನ್ನಬಹುದಿತ್ತು. ಅನ್ನಲಿಲ್ಲ. ಸದ್ಯ, ಬದುಕಿದೆ ಅನ್ನಿಸಿತು ನನಗೆ. ಅದನ್ನು ಇವತ್ತು ಬರೆಯುವಾಗ ನಾಚಿಕೆಯಾಗುತ್ತದೆ, ಅವತ್ತು ಆಗಲಿಲ್ಲ.

ಮಾರನೇ ದಿನ ಫ್ಲೆಕ್ಸ್ ಇಳಿಯಿತು. ಯಾರದೋ ಸೌದೆ ಗೂಡಿಗೆ ಹೊದಿಕೆಯಾಯಿತು. ಅಪ್ಪನಿಗೆ ಟೀ ಅಂಗಡಿಯಲ್ಲಿ ಜೋಡಿ ಬಿಡಿಸುವವನು ಎಂಬ ಹೆಸರು ಬಿತ್ತು. ಗಂಡಹೆಂಡಿರ ಜಗಳವಾದ ಮನೆಯವರು, ನಿಮ್ಮನ್ನು ಕರೆಸಬೇಕಾ ಎಂದು ಅವನನ್ನು ರೇಗಿಸುತ್ತಿದ್ದರು. ಅವನೂ ನಗುತ್ತಿದ್ದ. ತಟ್ಟೆಯನ್ನು ಮಾತ್ರ ಮತ್ತೆ ಕೈಗೆತ್ತಿಕೊಳ್ಳಲಿಲ್ಲ.

ಲೇಖನವನ್ನು ಹಿಂದೆ ತೆಗೆದುಕೊಂಡು ಬೇರೆ ಬರೆದೆ: ಗೊತ್ತಿದ್ದ ನೊಣದ ಗೊತ್ತಿಲ್ಲದಿದ್ದ ಹೆಣ್ಣು. ಗೈಡು ಸಿಟ್ಟಿನಿಂದ ತಮ್ಮ ಹೆಸರು ಬೇಡ ಎಂದರು. ಇಷ್ಟು ವರ್ಷ ಆರಿಸಿಯೂ ಜೋಡಿ ಒಂದೇ ಒಂದು ಸಿಕ್ಕಿದ್ದು ಹೇಗೆ ಎಂದು ಪತ್ರಿಕೆಯವರು ಕೇಳಿದರು. ನ್ಯಾಯವಾದ ಪ್ರಶ್ನೆ. ಉತ್ತರವಾಗಿ ಒಂದು ವಾಕ್ಯ ಸೇರಿಸಿದೆ. ಇಂಗ್ಲಿಷಿನಲ್ಲಿ, ಅಪ್ಪನ ಹೆಸರನ್ನು ಇನಿಷಿಯಲ್ ಸಮೇತ ಹಾಕಿ: ಎಲೆಕಸ ಆರಿಸುತ್ತಿದ್ದ ಸಂಗ್ರಹಕಾರರು ಕೂಡಿದ ಜೋಡಿಗಳನ್ನು ಬೇರ್ಪಡಿಸಿ ಗಂಡುಗಳನ್ನು ಬಿಟ್ಟುಬಿಡುತ್ತಿದ್ದರು. ಅಷ್ಟೇ. ಅದರ ಮುಂದೆ ಇನ್ನೊಂದು ವಾಕ್ಯ ಬರೆದು ಅಳಿಸಿದೆ. ಸಂಶೋಧನೆಯ ವಿಧಾನವೇ ತಪ್ಪು ಎಂದು ಒಪ್ಪಿಕೊಂಡವಳಿಗೆ ಯಾರು ಪಿಎಚ್‌ಡಿ ಕೊಡುತ್ತಾರೆ ಎಂದು ಹೆದರಿ ಅಳಿಸಿದೆ.

ಅಚ್ಚಾಗಿ ಬಂದ ಮೇಲೆ ಊಟಿಯಲ್ಲಿ ಪ್ರಿಂಟ್ ತೆಗೆಸಿ ತಂದೆ. ಅಪ್ಪ ಕನ್ನಡಕ ಹಾಕಿಕೊಂಡು ತನ್ನ ಹೆಸರನ್ನು ತಾನೇ ಹುಡುಕಿದ. ಅಷ್ಟು ಇಂಗ್ಲಿಷ್ ಅವನಿಗೆ ಬರುತ್ತದೆ. ಬೆರಳಿಟ್ಟು, ಇಲ್ಲಿ ಏನು ಬರೆದಿದೆ, ನಮ್ಮ ಮಾತಿನಲ್ಲಿ ಹೇಳು ಎಂದ. ಬೇರೇನೋ ಹೇಳಿಬಿಡಬಹುದಿತ್ತು, ಆ ಧೈರ್ಯವೂ ಬರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಇನ್ನೊಂದು ಸಲ ಹೇಳು ಎಂದ. ಹೇಳಿದೆ.

"ಸರಿಯಾಗೇ ಇದ್ದದೆ," ಎಂದ. "ರೆಕ್ಕೆ ಇದ್ದರೆ ಬೇಡ ಎಂದು ನೀ ಹೇಳಿದ್ದು ಬರೆದಿಲ್ಲೆಯಾ?"

ಸಿಟ್ಟಿನಿಂದ ಕೇಳಿದ್ದಲ್ಲ. ಏನೋ ಬಿಟ್ಟುಹೋಗಿದೆ, ಮಗಳು ಮರೆತಿದ್ದಾಳೆ ಎಂದು ನೆನಪಿಸುವಂತೆ ಕೇಳಿದ. ಜಾಗ ಸಾಲಲಿಲ್ಲ ಅಪ್ಪ, ಎಂದೆ.

ಅಪ್ಪ ಹಾಳೆ ತಿರುಗಿಸಿದ. ಅದು ಕೊನೆಯ ಪುಟ. ಅರ್ಧಕ್ಕಿಂತ ಹೆಚ್ಚು ಖಾಲಿ ಇತ್ತು.